ಹಳದಿ ದೀಪ ಮತ್ತು ಟಿಕ್ ಟಿಕ್ ಸದ್ದು

ಮಕ್ಕಳೇ, ಈ ವಾರ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ನಿಮ್ಮ ಅಜ್ಜಂದಿರೂ ಪಕ್ಕದಲ್ಲಿ ಕೂತು ಓದುತ್ತಿದ್ದರೆ ಅವರೂ ಕೇಳಿಸಿಕೊಳ್ಳಲಿ. ಅವರಲ್ಲೂ ಕೆಲವರು ಇಂಥದ್ದು ಮಾಡಿರುತ್ತಾರೆ.

ನಮ್ಮ ಮನೆಯ ಕಾರು 2014ರದು. ಪೆಟ್ರೋಲ್ ಗಾಡಿ, ಓಡಿದ್ದು 78 ಸಾವಿರ ಕಿಲೋಮೀಟರ್. ಇದರಲ್ಲೇ ನಮ್ಮನೆಯವಳನ್ನು ಮಂಡಿ ನೋವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ತೀರ್ಥಹಳ್ಳಿಯಲ್ಲಿರುವ ತಂಗಿಯನ್ನು ನೋಡಿ ಬರುತ್ತೇನೆ, ದಿನಾ ಬೆಳಿಗ್ಗೆ ಮೊಮ್ಮಗಳು ಪುಟ್ಟಿಯನ್ನು ಶಾಲೆಗೆ ಬಿಡುತ್ತೇನೆ. ಶಾಲೆ ಮೂರು ಕಿಲೋಮೀಟರ್ ದೂರ. ಪುಟ್ಟಿ ಏಳನೇ ತರಗತಿ.

ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಸ್ಟಿಯರಿಂಗ್ ಹಿಂದಿನ ಮೀಟರ್ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಇಂಜಿನ್ನಿನ ಚಿತ್ರ ಇರುವ ದೀಪ, ನೋಡಲು ಸಣ್ಣ ನಲ್ಲಿಯ ಹಾಗಿರುತ್ತದೆ. ಇದನ್ನು ಚೆಕ್ ಇಂಜಿನ್ ಲೈಟ್ ಅನ್ನುತ್ತಾರೆ. ಗಾಡಿ ಮಾತ್ರ ಎಂದಿನಂತೆ ಓಡುತ್ತಿತ್ತು.

ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಅವರು ಒಂದು ಯಂತ್ರ ಚುಚ್ಚಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್" ಎಂದರು. ಬದಲಾಯಿಸಿದರು. 4,600 ರೂಪಾಯಿ. ದೀಪ ಆರಿತು. ಒಂಬತ್ತನೇ ದಿನ ಮತ್ತೆ ಹತ್ತಿತು. ಎರಡನೇ ಸಲ ಹೋದಾಗ ಸ್ಪಾರ್ಕ್ ಪ್ಲಗ್ಗು, ಏರ್ ಫಿಲ್ಟರು. 2,150. ಮತ್ತೆ ಹತ್ತಿತು. ಮೂರನೇ ಸಲ ಬೇರೆ ಗ್ಯಾರೇಜು, ಗಾಳಿ ಹೋಗುವ ದಾರಿ ಸ್ವಚ್ಛ ಮಾಡಿದ್ದಕ್ಕೆ 1,300. ಒಟ್ಟು 8,050. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಮರೆಯುವುದಿಲ್ಲ.

ಮನೆಯಲ್ಲಿ ಮಗ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದ: "ಅಪ್ಪಾ, ಮಾರಿಬಿಡೋಣ. ನಿಮಗೂ ಎಪ್ಪತ್ನಾಲ್ಕು ಆಯ್ತು. ಮಗೂನ ಕೂರಿಸ್ಕೊಂಡು ಹೋಗ್ತೀರಿ, ಆ ದೀಪ ನೋಡಿದ್ರೆ ನನಗೆ ಧೈರ್ಯ ಬರಲ್ಲ." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ಕಾರು ಹೋದರೆ ಇನ್ನೊಂದನ್ನು ನಾನು ಓಡಿಸುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮಾರನೇ ದಿನ ನಾನು ಮಾಡಿದ ಕೆಲಸ ಇದು: ವೈರಿಗೆ ಸುತ್ತುವ ಕಪ್ಪು ಟೇಪಿನಿಂದ ಕಡಲೆಬೇಳೆಯಷ್ಟು ತುಂಡು ಕತ್ತರಿಸಿ, ಆ ದೀಪದ ಮೇಲೆ ಅಂಟಿಸಿದೆ. ಮಗನಿಗೆ "ಸರಿಹೋಯ್ತು ಕಣೋ" ಎಂದೆ.

ಎರಡು ದಿನ ಯಾರಿಗೂ ತಿಳಿಯಲಿಲ್ಲ. ಮೂರನೇ ದಿನ ಸಿಕ್ಕಿಬಿದ್ದೆ. ಕೀಲಿ ತಿರುಗಿಸಿದಾಗ, ಇಂಜಿನ್ ಶುರುವಾಗುವ ಮೊದಲು, ಫಲಕದಲ್ಲಿ ಆಯಿಲ್, ಬ್ಯಾಟರಿ, ಇಂಜಿನ್ ಅಂತ ಎಲ್ಲ ದೀಪಗಳೂ ಒಮ್ಮೆ ಹತ್ತಿಕೊಳ್ಳುತ್ತವೆಯಲ್ಲ? ಅದು ಗಾಡಿ ಕೊಡುವ ಹಾಜರಿ. ದೀಪಗಳು ಸುಟ್ಟುಹೋಗಿಲ್ಲ ಎಂದು ನಾವು ನೋಡಿಕೊಳ್ಳಲಿ ಎಂದೇ ಹಾಗೆ ಮಾಡಿರುತ್ತಾರೆ. ಪುಟ್ಟಿಗೆ ದಿನಾ ಅವನ್ನು ಎಣಿಸುವ ಅಭ್ಯಾಸವಂತೆ. ನನಗೆ ಗೊತ್ತೇ ಇರಲಿಲ್ಲ.

"ಅಜ್ಜ, ಇವತ್ತು ಒಂದು ದೀಪ ಕಡಿಮೆ ಇದೆ" ಎಂದಳು.

ನಾನು ಏನೋ ಸಬೂಬು ಹೇಳಿದೆ. ಅವಳು ಬಗ್ಗಿ ನೋಡಿ ಉಗುರಿನಿಂದ ಟೇಪು ಕಿತ್ತಳು. ಕೆಳಗೆ ದೀಪ ಉರಿಯುತ್ತಲೇ ಇತ್ತು. "ಬ್ಯಾಂಕಲ್ಲಿ ಲೆಕ್ಕ ತಾಳೆ ಆಗ್ದಿದ್ರೂ ಹೀಗೇ ಟೇಪ್ ಅಂಟಿಸ್ತಿದ್ರಾ ಅಜ್ಜ?" ಎಂದು ಕೇಳಿದಳು. ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ಹೆಚ್ಚು ನಾಟಿತು.

ಆ ಸಂಜೆ ಅವಳಿಗೆ ಬ್ಯಾಂಕಿನ ಕಥೆ ಹೇಳಿದೆ. ಕಂಪ್ಯೂಟರ್ ಬರುವ ಮೊದಲು ಲೆಡ್ಜರುಗಳನ್ನು ಕೈಯಲ್ಲೇ ಕೂಡಿ ತಾಳೆ ನೋಡುತ್ತಿದ್ದೆವು. ನಾನು ಸೇರಿದ ಹೊಸತರಲ್ಲಿ ಒಂದು ದಿನ 36 ರೂಪಾಯಿ ವ್ಯತ್ಯಾಸ ಬಂತು. ರಾತ್ರಿ ಎಂಟಾದರೂ ಸಿಗಲಿಲ್ಲ. ಜೇಬಿನಿಂದ ಹಾಕಿಬಿಡೋಣ ಎಂದುಕೊಂಡೆ. ನಮ್ಮ ಹೆಡ್ ಕ್ಲರ್ಕ್ ಬಿಡಲಿಲ್ಲ. "36ನ್ನು 9ರಿಂದ ಭಾಗಿಸು" ಎಂದರು. ಶೇಷವಿಲ್ಲದೆ ಹೋಯಿತು. "ಹಾಗಾದ್ರೆ ಯಾವುದೋ ಅಂಕಿ ಹಿಂದುಮುಂದು ಬರೆದಿದ್ದೀಯ, ಹುಡುಕು" ಎಂದರು. ಸಿಕ್ಕಿತು. 73 ಎಂದು ಬರೆಯಬೇಕಾದಲ್ಲಿ 37 ಎಂದು ಬರೆದಿದ್ದೆ.

ಮಕ್ಕಳೇ, ನೀವೂ ಮಾಡಿ ನೋಡಿ. ಯಾವುದೇ ಎರಡಂಕಿಯ ಸಂಖ್ಯೆ ತೆಗೆದುಕೊಳ್ಳಿ, ಅಂಕಿಗಳನ್ನು ತಿರುಗಿಸಿ ಬರೆಯಿರಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರವನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. 540 ಬದಲು 450 ಬರೆದರೂ ಅಷ್ಟೇ. 9ರಿಂದ ಭಾಗ ಹೋದ ಮಾತ್ರಕ್ಕೆ ತಪ್ಪು ಅದೇ ಎಂದೇನಲ್ಲ, ಆದರೆ ಮೊದಲು ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ಕಥೆ ಮುಗಿಯುವ ಹೊತ್ತಿಗೆ ನನಗೇ ಒಂದು ವಿಷಯ ಹೊಳೆಯಿತು. ಲೆಡ್ಜರಿನಲ್ಲಿ ವ್ಯತ್ಯಾಸ ಇದೆ ಎಂದರೆ ಎಲ್ಲೋ ತಪ್ಪಿದೆ ಎಂದಷ್ಟೇ ಅರ್ಥ, ಯಾವ ಪುಟದಲ್ಲಿ ಎಂದು ಅದು ಹೇಳುವುದಿಲ್ಲ. ಈ ಹಳದಿ ದೀಪವೂ ಹಾಗೆಯೇ. ನಾವು ಮೂರು ಸಲ ಪುಟ ಹುಡುಕದೆ, ಯಾವುದೋ ಪುಟವನ್ನು ಹರಿದು ಹೊಸದು ಅಂಟಿಸಿದ್ದೆವು.

ಮಗ ಬೈಯುತ್ತಾನೆ ಎಂದುಕೊಂಡಿದ್ದೆ. ಬೈದ ಕೂಡ, ಆದರೆ ಸ್ವಲ್ಪವೇ. ಆಮೇಲೆ ಏಳುನೂರು ರೂಪಾಯಿಯ ಒಂದು ಸಣ್ಣ ಡಬ್ಬಿ ತರಿಸಿಕೊಟ್ಟ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟಿಯರಿಂಗ್ ಕೆಳಗೆ ಹದಿನಾರು ತೂತಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿದರೆ ಗಾಡಿಯ ಒಳಗಿನ ಸುದ್ದಿ ಮೊಬೈಲಿಗೆ ಬರುತ್ತದೆ. "ಫೆಬ್ರವರಿ ಮುಗಿಯೋವರೆಗೆ ನೋಡೋಣ. ಆಮೇಲೂ ದೀಪ ಹತ್ತಿದ್ರೆ ಮಾರೋದೇ" ಎಂದು ಗಡುವು ಕೊಟ್ಟ.

ಈ ಸಾಕೆಟ್ ಎಲ್ಲಿಂದ ಬಂತು ಎನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಾಡಿಗಳ ಹೊಗೆಯ ಕಾಟ ಬಹಳವಾಗಿತ್ತು. ಹೊಗೆ ಕೆಟ್ಟರೆ ಗಾಡಿಯೇ ಅದನ್ನು ಕಂಡುಹಿಡಿದು ದೀಪ ಹಚ್ಚಬೇಕು ಎಂಬ ನಿಯಮ ಅಲ್ಲಿ 1988ರ ಗಾಡಿಗಳಿಂದ ಬಂತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಾಕೆಟ್, ಒಂದೇ ಬಗೆಯ ಸಂಕೇತಗಳಾದವು. ನಮ್ಮಲ್ಲಿ ಭಾರತ್ ಸ್ಟೇಜ್ 4 ನಿಯಮದ ಜೊತೆ ಇದು 2010ರಿಂದ ಹಂತಹಂತವಾಗಿ ಬಂತು, 2013ರಲ್ಲಿ ಇನ್ನಷ್ಟು ಬಿಗಿಯಾಯಿತು. ನಮ್ಮ ಕಾರು ಅದರ ಮರುವರ್ಷದ್ದು. ಎಂದರೆ ಈ ದೀಪ ಹುಟ್ಟಿದ್ದು ಕಾರಿನ ಮಾಲೀಕನಿಗಾಗಿ ಅಲ್ಲ, ಆ ಕಾರಿನ ಹಿಂದೆ ನಡೆದುಹೋಗುವವರ ಶ್ವಾಸಕೋಶಕ್ಕಾಗಿ.

ಡಬ್ಬಿ ಚುಚ್ಚಿದಾಗ ಮೊಬೈಲಿನಲ್ಲಿ ಬಂದದ್ದು 'ಪಿ 0171'. ಅದರ ಕೆಳಗೆ 'ಸಿಸ್ಟಂ ಟೂ ಲೀನ್, ಬ್ಯಾಂಕ್ 1'. ಪುಟ್ಟಿ ಕುಣಿದಾಡಿದಳು. "ಅಜ್ಜ, ನಿಮ್ಮ ಬ್ಯಾಂಕಿಗೇ ಬಂದಿದೆ!" ಅಲ್ಲ, ಇಲ್ಲಿ ಬ್ಯಾಂಕ್ ಎಂದರೆ ಇಂಜಿನ್ನಿನ ಸಿಲಿಂಡರುಗಳ ಸಾಲು. ದೊಡ್ಡ ಗಾಡಿಗಳಲ್ಲಿ ಎರಡು ಸಾಲು ಇರುತ್ತವೆ, ನಮ್ಮದರಲ್ಲಿ ಒಂದೇ. 'ಪಿ' ಎಂದರೆ ಇಂಜಿನ್ನು ಮತ್ತು ಅದರ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಭಾಗ. ಸೊನ್ನೆ ಎಂದರೆ ಎಲ್ಲ ಕಂಪನಿಯ ಗಾಡಿಗಳಿಗೂ ಒಂದೇ ಅರ್ಥ. ಮುಂದಿನ 1 ಎಂದರೆ ಗಾಳಿ ಮತ್ತು ಪೆಟ್ರೋಲಿನ ಅಳತೆಗೆ ಸಂಬಂಧಿಸಿದ್ದು.

ಪೆಟ್ರೋಲ್ ಪೂರ್ತಿಯಾಗಿ ಉರಿಯಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಅಳತೆ ಸರಿಯಿದೆಯೇ ಎಂದು ನೋಡಲು ಹೊಗೆ ಹೋಗುವ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಗಾಳಿ ಹೆಚ್ಚಾಯಿತು, ಪೆಟ್ರೋಲ್ ಕಡಿಮೆಯಾಯಿತು ಎಂದು ಅದು ಗಾಡಿಯ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಪೆಟ್ರೋಲ್ ಸ್ವಲ್ಪ ಹೆಚ್ಚಿಸುತ್ತದೆ. ಅಡುಗೆಮನೆಯಲ್ಲಿ ಅಜ್ಜಿ ಸಾರಿನ ರುಚಿ ನೋಡಿ ಉಪ್ಪು ಸೇರಿಸಿದಂತೆ. ಎಷ್ಟು ಸೇರಿಸಿದರೂ "ಸಪ್ಪೆ, ಸಪ್ಪೆ" ಎನ್ನುತ್ತಲೇ ಇದ್ದರೆ, ಏನೋ ಎಡವಟ್ಟಾಗಿದೆ ಎಂದು ಕಂಪ್ಯೂಟರ್ ದೀಪ ಹಚ್ಚುತ್ತದೆ. 'ಲೀನ್' ಎಂದರೆ ಈ ಸಪ್ಪೆ.

ಹಾಗಾದರೆ ಸೆನ್ಸರ್ ಬದಲಿಸಿದ್ದು ತಪ್ಪೇ? ರುಚಿ ನೋಡುವವರು "ಸಪ್ಪೆ" ಎಂದರು ಎಂದು ಅವರ ನಾಲಿಗೆಯನ್ನೇ ಬದಲಿಸಿದ ಹಾಗಾಯಿತು ಅದು.

ಪುಟ್ಟಿಗೆ ಒಂದು ನೋಟ್‌ಬುಕ್ ಕೊಟ್ಟು ಅಂಕಣ ಎಳೆಸಿದೆ. ದಿನಾಂಕ, ಹೊತ್ತು, ಎಷ್ಟು ದೂರ, ದೀಪ ಇದೆ ಅಥವಾ ಇಲ್ಲ, ಷರಾ. ಮೊಬೈಲಿನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಅಂಕಿ ಕಾಣಿಸುತ್ತದೆ. ಕಂಪ್ಯೂಟರ್ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸೇರಿಸುತ್ತಿದೆ ಎಂಬ ಲೆಕ್ಕ ಅದು. ಅದನ್ನೂ ಬರೆಯುವುದು. ಓಡಿಸುವಾಗ ನಾನು ಮೊಬೈಲ್ ಮುಟ್ಟುವಂತಿಲ್ಲ, ನೋಡುವುದು, ಬರೆಯುವುದು ಅವಳೇ ಎಂದು ಅಜ್ಜಿಯ ಕಟ್ಟಪ್ಪಣೆ.

ನಡುವೆ ಸಲಹೆಗಳಿಗೂ ಬರವಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಎಂದರು. ಅವರ ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಅದು ನಿಜವಾದ ಕಾರಣವೇ. ಟ್ಯಾಂಕಿನಿಂದ ಆವಿ ಸೋರುತ್ತದೆಯೇ ಎಂದು ಅಲ್ಲಿನ ಗಾಡಿಗಳು ಪರೀಕ್ಷಿಸಿಕೊಳ್ಳುತ್ತವೆ. ಆದರೆ ಅದರ ಸಂಕೇತ ಬೇರೆ. ನಾನು ಮುಚ್ಚಳ ಬಿಗಿ ಮಾಡಿದೆ, ಏನೂ ಆಗಲಿಲ್ಲ. ಇನ್ನೊಬ್ಬರು ಬ್ಯಾಟರಿಯ ವೈರು ಹತ್ತು ನಿಮಿಷ ತೆಗೆದಿಡಿ, ದೀಪ ಹೋಗುತ್ತದೆ ಎಂದರು. ಹೋಗುತ್ತದೆ, ನಿಜ. ಆದರೆ ತಪ್ಪು ಕಂಡಾಗ ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿತ್ತು ಎಂದು ಕಂಪ್ಯೂಟರ್ ಬರೆದಿಟ್ಟುಕೊಂಡ ಟಿಪ್ಪಣಿಯೂ ಅದರ ಜೊತೆ ಅಳಿಸಿಹೋಗುತ್ತದೆ. ಇಷ್ಟು ದಿನ ನಾವು ಅದನ್ನೇ ಅಳಿಸುತ್ತಾ ಬಂದಿದ್ದೆವು.

ಮೂರು ವಾರ ಬರೆದೆವು. ಮೊದಲ ವಾರ ಶಾಲೆಗೆ, ಮಾರುಕಟ್ಟೆಗೆ ಸಣ್ಣ ಸಣ್ಣ ಓಡಾಟ, ದೀಪ ಉರಿಯುತ್ತಲೇ ಇತ್ತು. ಎರಡನೇ ವಾರ ತಂಗಿಗೆ ಹುಷಾರಿಲ್ಲ ಎಂದು ಎರಡು ಸಲ ತೀರ್ಥಹಳ್ಳಿಗೆ ಹೋಗಿಬಂದೆವು. ಗಾಜನೂರು, ಸಕ್ರೆಬೈಲು ದಾಟಿ ತುಂಗೆಯ ಪಕ್ಕದಲ್ಲೇ ಹೋಗುವ ದಾರಿ. ಮಂಡಗದ್ದೆಯಲ್ಲಿ ಹಕ್ಕಿಗಳ ಕಾಲ ಮುಗಿದು ಮರಗಳು ಖಾಲಿಯಿದ್ದವು. ಎರಡನೇ ಸಲ ವಾಪಸು ಬರುವಾಗ, ಯಾರೂ ಏನೂ ಮಾಡದೆ, ದೀಪ ತಾನಾಗಿ ಆರಿತು! ಮೂರನೇ ವಾರ ಮತ್ತೆ ಶಾಲೆ, ಮಾರುಕಟ್ಟೆ. ಗುರುವಾರ ಮತ್ತೆ ಹತ್ತಿತು.

ಇದಕ್ಕೂ ಕಾರಣವಿದೆ. ಕಂಪ್ಯೂಟರ್ ಆತುರಗಾರನಲ್ಲ. ಒಂದು ಸಲ ತಪ್ಪು ಕಂಡರೆ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ಓಡಾಟದಲ್ಲಿ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ಹಾಗೆಯೇ ಸತತವಾಗಿ ಮೂರು ಓಡಾಟದಲ್ಲಿ ತಪ್ಪು ಕಾಣದಿದ್ದರೆ ತಾನೇ ಆರಿಸುತ್ತದೆ. ಗ್ಯಾರೇಜಿನಿಂದ ಬಂದ ಮೇಲೆ ಕೆಲವು ದಿನ ದೀಪ ಇರುತ್ತಿರಲಿಲ್ಲವಲ್ಲ, ರಿಪೇರಿಯಾಯಿತು ಎಂದು ನಾವು ನಂಬಿದ್ದು ಹೀಗೆ.

ಫ್ಯೂಯಲ್ ಟ್ರಿಮ್ ನೋಡಿದರೆ, ಬೆಳಿಗ್ಗೆ ಶಾಲೆಯ ದಾರಿಯಲ್ಲಿ 22, 23. ತೀರ್ಥಹಳ್ಳಿಯ ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ 4. ಎಂದರೆ ಕಾಯಿಲೆ ಇರುವುದು ಗಾಡಿ ತಣ್ಣಗಿರುವಾಗ ಮಾತ್ರ.

ಆದರೆ ಗುಟ್ಟು ರಟ್ಟಾದದ್ದು ಷರಾ ಅಂಕಣದಲ್ಲಿ. ಪುಟ್ಟಿ ಅಲ್ಲಿ ಮನಸ್ಸಿಗೆ ಬಂದದ್ದೆಲ್ಲ ಬರೆದಿದ್ದಳು. 'ಅಜ್ಜಿ ಉಪ್ಪಿಟ್ಟು ಕೊಟ್ಟರು.' 'ಅಡ್ಡ ಹಸು.' 'ಟಿಕ್ ಟಿಕ್ ಜೋರು.' 'ಟಿಕ್ ಟಿಕ್ ಸರ್ಕಲ್‌ವರೆಗೆ.' 'ತೀರ್ಥಹಳ್ಳಿ ದಾರಿಯಲ್ಲಿ ಟಿಕ್ ಟಿಕ್ ಇಲ್ಲ.'

"ಏನಿದು ಟಿಕ್ ಟಿಕ್?" ಎಂದೆ.

"ದಿನಾ ಬರತ್ತಲ್ಲ ಅಜ್ಜ, ಸ್ಟಾರ್ಟ್ ಮಾಡಿದ ತಕ್ಷಣ. ಆಮೇಲೆ ನಿಧಾನಕ್ಕೆ ನಿಂತುಹೋಗತ್ತೆ. ನಿಮಗೆ ಕೇಳ್ಸಲ್ವಾ?"

ನನಗೆ ಕೇಳಿಸುತ್ತಿರಲಿಲ್ಲ. ಮಾರನೇ ದಿನ ಬಾನೆಟ್ ತೆಗೆದಿಟ್ಟು ಹತ್ತಿರ ನಿಂತೆ, ಆಗಲೂ ಕೇಳಿಸಲಿಲ್ಲ. ಮಗನನ್ನು ಕರೆದೆ. ಅವನು ಕಿವಿಗೊಟ್ಟು, "ಹೌದಪ್ಪಾ, ಇದೆ" ಎಂದ. ಆಮೇಲೆ ನನ್ನ ಮುಖವನ್ನೇ ಒಂದು ಕ್ಷಣ ನೋಡಿದ. ಏನೂ ಹೇಳಲಿಲ್ಲ.

ನೋಟ್‌ಬುಕ್ ಹಿಡಿದುಕೊಂಡು ಈ ಸಲ ನಮ್ಮ ಬೀದಿಯ ತುದಿಯ ಸಣ್ಣ ಗ್ಯಾರೇಜಿಗೆ ಹೋದೆವು. ಒಬ್ಬನೇ ಮೆಕ್ಯಾನಿಕ್, ಒಬ್ಬ ಸಹಾಯಕ ಹುಡುಗ. ಅವನು ಪುಟಗಳನ್ನು ತಿರುವಿ ಓದಿದ. 'ಅಡ್ಡ ಹಸು' ಓದಿ ನಕ್ಕ. 'ಟಿಕ್ ಟಿಕ್' ಓದಿ ಸುಮ್ಮನಾದ. "ಯಜಮಾನ್ರೇ, ಗಾಡಿ ಇಲ್ಲೇ ಬಿಟ್ಟು ಹೋಗಿ. ರಾತ್ರಿ ಪೂರ್ತಿ ತಣ್ಣಗಾಗ್ಲಿ. ಬೆಳಿಗ್ಗೆ ನಾನೇ ಮೊದಲು ಸ್ಟಾರ್ಟ್ ಮಾಡ್ಬೇಕು" ಎಂದ.

ಎಷ್ಟು ಸರಳ ನೋಡಿ! ಹಿಂದಿನ ಗ್ಯಾರೇಜುಗಳಿಗೆ ಗಾಡಿ ಹೋಗುವ ಹೊತ್ತಿಗೆ ನಾನು ಊರೆಲ್ಲ ದಾಟಿ ಹೋಗಿರುತ್ತಿದ್ದೆ, ಇಂಜಿನ್ ಬಿಸಿಯಾಗಿರುತ್ತಿತ್ತು. ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾದ ಹಾಗೆ.

ಬೆಳಿಗ್ಗೆ ಏಳಕ್ಕೆ ನಾನೂ ಪುಟ್ಟಿಯೂ ಹಾಜರು. ಮೆಕ್ಯಾನಿಕ್ ಒಂದು ಮಗ್ಗಿನಲ್ಲಿ ಸೋಪಿನ ನೀರು ಕಲಸಿಟ್ಟಿದ್ದ. ಹುಡುಗ ಸ್ಟಾರ್ಟ್ ಮಾಡಿದ. ಇಂಜಿನ್ನಿನಿಂದ ಹೊಗೆ ಹೊರಡುವ ಕೊಳವೆ ಜೋಡಣೆಯಾಗುವ ಜಾಗಕ್ಕೆ, ಅದು ಕಾಯುವ ಮೊದಲೇ, ಸೋಪಿನ ನೀರು ಹಾಕಿದ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ಬರುತ್ತದಲ್ಲ, ಅದೇ ರೀತಿ ಬುಳುಬುಳು ಗುಳ್ಳೆ! ನಿಲ್ಲಿಸಿ ಟಾರ್ಚ್ ಬಿಟ್ಟು ತೋರಿಸಿದ. ಜೋಡಣೆಯ ಒಂದು ಬದಿಯಲ್ಲಿ ಕಪ್ಪು ಮಸಿ ಗೀರು ಎಳೆದಂತೆ ಹತ್ತಿತ್ತು. ಅಲ್ಲಿನ ಗ್ಯಾಸ್ಕೆಟ್, ಎಂದರೆ ಎರಡು ಲೋಹಗಳ ನಡುವೆ ಸೋರದಂತೆ ಇಡುವ ತಗಡಿನ ಬಿಲ್ಲೆ, ಒಂದು ಕಡೆ ಸುಟ್ಟು ಸೀಳಿತ್ತು. ಎರಡು ನಟ್ಟು ಸಡಿಲ.

ಹೊಗೆ ಒಂದೇ ಸಮನೆ ಹರಿದು ಬರುವುದಿಲ್ಲವಂತೆ, ಒಂದೊಂದು ಸಿಲಿಂಡರಿನಿಂದ ಡಬ್ ಡಬ್ ಎಂದು ಅಲೆಅಲೆಯಾಗಿ ಬರುತ್ತದೆ. ಅಲೆ ಬಂದಾಗ ಸೀಳಿನಿಂದ ಹೊಗೆ ಹೊರಗೆ ಚಿಮ್ಮಿ 'ಟಿಕ್' ಎನ್ನುತ್ತದೆ. ಎರಡು ಅಲೆಗಳ ನಡುವೆ ಹೊರಗಿನ ಗಾಳಿ ಅದೇ ಸೀಳಿನಿಂದ ಒಳಗೆ ಹೀರಿಕೊಳ್ಳುತ್ತದೆ. ಸ್ವಲ್ಪ ಮುಂದೆಯೇ ಕೂತಿರುವ ಸೆನ್ಸರಿಗೆ ಈ ಗಾಳಿಯ ಆಮ್ಲಜನಕ ತಗಲುತ್ತದೆ. "ಗಾಳಿ ಹೆಚ್ಚಾಯಿತು" ಎಂದು ಅದು ವರದಿ ಮಾಡುತ್ತದೆ. ಪಾಪ, ಅದು ಕಂಡದ್ದನ್ನೇ ಹೇಳಿತು. ಆದರೆ ಆ ಗಾಳಿ ಇಂಜಿನ್ನಿನದಲ್ಲ, ಬೀದಿಯದು. ಕಂಪ್ಯೂಟರ್ ಅದನ್ನು ನಂಬಿ ಸುಮ್ಮನೆ ಪೆಟ್ರೋಲ್ ಸುರಿಯುತ್ತಿತ್ತು. ಇಂಜಿನ್ ಕಾದ ಮೇಲೆ ಲೋಹ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತಿತ್ತು, ಟಿಕ್ ಟಿಕ್ ನಿಲ್ಲುತ್ತಿತ್ತು, ಲೆಕ್ಕ ತಾಳೆಯಾಗುತ್ತಿತ್ತು. ನಮ್ಮ ಶಾಲೆಯ ದಾರಿ ಮೂರೇ ಕಿಲೋಮೀಟರ್, ಅಷ್ಟರಲ್ಲಿ ಪೂರ್ತಿ ಕಾಯುವುದೇ ಇಲ್ಲ.

ಗ್ಯಾಸ್ಕೆಟ್ 260 ರೂಪಾಯಿ, ನಟ್ಟು 60, ಕೂಲಿ 500. ಒಟ್ಟು 820.

ಪಿ 0171 ಬಂದ ಎಲ್ಲ ಗಾಡಿಗೂ ಇದೇ ಕಾರಣ ಎಂದು ತಿಳಿಯಬೇಡಿ. ಗಾಳಿಯ ರಬ್ಬರ್ ಕೊಳವೆ ಬಿರಿದಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು, ಸೆನ್ಸರೇ ನಿಜವಾಗಿ ಕೆಟ್ಟಿರಬಹುದು. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಬರೆದಿಟ್ಟು ತೋರಿಸಿದರೆ ಮೆಕ್ಯಾನಿಕ್ ಅರ್ಧ ದಾರಿ ಮೊದಲೇ ಬಂದಿರುತ್ತಾನೆ. ಇನ್ನೊಂದು ವಿಷಯ. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಣಕ್ ಮಿಣಕ್ ಎಂದು ಮಿನುಗಿದರೆ ಹಾಗಲ್ಲ. ಪೆಟ್ರೋಲ್ ಸಿಲಿಂಡರಿನಲ್ಲಿ ಉರಿಯದೆ ಹಸಿಯಾಗಿ ಹೊಗೆ ಕೊಳವೆಗೆ ಹೋಗುತ್ತಿದೆ ಎಂದರ್ಥ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅದರಿಂದ ವಿಪರೀತ ಕಾದು ಹಾಳಾಗುತ್ತದೆ. ಆಗ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡುವುದೇ ಸರಿ. ಆಯಿಲ್ ಒತ್ತಡದ ಅಥವಾ ಬಿಸಿಯ ಕೆಂಪು ದೀಪ ಬಂದರಂತೂ ಒಡನೆ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿಬಿಡಿ. ಮಕ್ಕಳೇ, ಬಾನೆಟ್ ಒಳಗೆ ನೋಡುವ ಆಸೆಯಿದ್ದರೆ ದೊಡ್ಡವರ ಜೊತೆ ಮಾತ್ರ, ಕೈ ಹಿಂದಕ್ಕೆ ಕಟ್ಟಿಕೊಂಡು. ಹೊಗೆ ಕೊಳವೆ ಸ್ವಲ್ಪ ಹೊತ್ತಿನಲ್ಲೇ ಕಾವಲಿಗಿಂತ ಜೋರಾಗಿ ಸುಡುತ್ತದೆ.

ಮೆಕ್ಯಾನಿಕ್ ಯಂತ್ರ ಚುಚ್ಚಿ ದೀಪ ಆರಿಸಲು ಬಂದ. ಬೇಡ, ಗಾಡಿಯೇ ಆರಿಸಲಿ ಎಂದೆ. ಸೋಮವಾರ ಶಾಲೆಗೆ ಹೋದಾಗ ಉರಿಯುತ್ತಿತ್ತು. ಮಂಗಳವಾರವೂ ಇತ್ತು, ಆದರೆ ಫ್ಯೂಯಲ್ ಟ್ರಿಮ್ ತಣ್ಣನೆ ಇಂಜಿನ್ನಿನಲ್ಲೇ 5ಕ್ಕೆ ಇಳಿದಿತ್ತು. ಬುಧವಾರವೂ ಉರಿಯಿತು, ಮಗ ನನ್ನನ್ನು ನೋಡಿದ. ಗುರುವಾರ ಕೀಲಿ ತಿರುಗಿಸಿದಾಗ ಎಲ್ಲ ದೀಪಗಳೂ ಹತ್ತಿದವು, ಪುಟ್ಟಿ ಎಣಿಸಿದಳು. ಇಂಜಿನ್ ಶುರುವಾಯಿತು, ಎಲ್ಲವೂ ಆರಿದವು. ಅಂದು ಫೆಬ್ರವರಿ 20. ಈಗ ನಾಲ್ಕು ತಿಂಗಳಾಯಿತು, ಮತ್ತೆ ಹತ್ತಿಲ್ಲ. ಮಗ ಮಾರುವ ಮಾತು ಎತ್ತಿಲ್ಲ.

ನೋಟ್‌ಬುಕ್ಕಿನಲ್ಲಿ ಇನ್ನೂ ಪುಟಗಳು ಉಳಿದಿವೆ. ಅದರ ಕೊನೆಯ ಸಾಲು ಪುಟ್ಟಿಯದೇ, ಅವಳ ಅಪ್ಪ ಹೇಳಿ ಬರೆಸಿದ್ದು: 'ಮಂಗಳವಾರ, ಬೆಳಿಗ್ಗೆ 10.30, ಅಜ್ಜನ ಕಿವಿ ಡಾಕ್ಟರು. ಷರಾ: ನಾನೂ ಬರುತ್ತೇನೆ.'